ಬೆಂಕಿಕಡ್ಡಿ ಕಿತ್ತುಕೊಳ್ಳಿ, ಫೋನ್ ವಾಪಸ್ ಕೊಡಿ

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ನನ್ನ ಹಳೆಯ ಫೋನ್ ಹಿಡಿದುಕೊಂಡು ಬಿಡುವು ಸಿಕ್ಕಾಗಲೆಲ್ಲ ಟ್ರಿಕ್ ವಿಡಿಯೊ ಮಾಡುತ್ತಾನೆ. ತಂಗಿಯನ್ನು ಮಾಯ ಮಾಡುವುದು, ತಾನೇ ಇಬ್ಬರಾಗಿ ಜಗಳ ಆಡುವುದು, ಆಟಿಕೆ ಕಾರು ಸ್ಫೋಟಿಸುವುದು, ಇಂಥವೇ. ಗ್ರೀನ್ ಸ್ಕ್ರೀನ್ ಬೇಕು, ಒಳ್ಳೆಯ ಕಂಪ್ಯೂಟರ್ ಬೇಕು ಎಂದು ಹಟ ಹಿಡಿದಿದ್ದಾನೆ. ಅವರಪ್ಪ "ಟೈಮ್ ವೇಸ್ಟು, ಎಐ ಬಂದ ಮೇಲೆ ಇದೆಲ್ಲ ಯಾರಿಗೆ ಬೇಕು" ಅನ್ನುತ್ತಾರೆ. ನನಗೆ ಇದರ ತಲೆಬುಡ ಗೊತ್ತಿಲ್ಲ. ಮೊನ್ನೆ ಬೆಂಕಿಕಡ್ಡಿ ಗುಡ್ಡೆ ಹಾಕಿ ನಿಜವಾದ ಸ್ಫೋಟ ಮಾಡಲು ಹೊರಟಿದ್ದ. ಬೈದು, ಕಡ್ಡಿಪೆಟ್ಟಿಗೆಯ ಜೊತೆ ಫೋನನ್ನೂ ಕಿತ್ತಿಟ್ಟೆ. ಅಂದಿನಿಂದ ಮುಖ ಊದಿಸಿಕೊಂಡಿದ್ದಾನೆ. ಪ್ರೋತ್ಸಾಹ ಕೊಡುವುದು ಹೇಗೆ, ಎಲ್ಲಿ ತಡೆಯಬೇಕು, ಏನು ಕೊಡಿಸಬೇಕು?

ಉತ್ತರ: ಕಡ್ಡಿಪೆಟ್ಟಿಗೆ ಕಿತ್ತುಕೊಂಡದ್ದು ಸರಿ, ಅದಕ್ಕೆ ಕೊರಗಬೇಡಿ. ಫೋನ್ ಮಾತ್ರ ವಾಪಸ್ ಕೊಟ್ಟುಬಿಡಿ. ಕೊಡುವಾಗಲೇ ಕರಾರು ಮಾಡಿಕೊಳ್ಳಿ: ಬೆಂಕಿ, ಪಟಾಕಿ, ಗಾಜು, ಎತ್ತರದ ಅಂಚು, ಓಡಾಡುವ ಗಾಡಿ, ಇವು ನಮ್ಮ ಸಿನಿಮಾದಲ್ಲಿ ಇರುವುದಿಲ್ಲ. ಉಳಿದ ಯಾವುದಕ್ಕೆ ಕರೆದರೂ ನಾನು ಬಂದು ಟಾರ್ಚ್ ಹಿಡಿಯುತ್ತೇನೆ. ಮೊದಲನೆಯ ಮಾತಿಗಿಂತ ಎರಡನೆಯದೇ ಮುಖ್ಯ. ಕದ್ದುಮುಚ್ಚಿ ಒಬ್ಬನೇ ಶೂಟ್ ಮಾಡುವ ಹುಡುಗನಿಗೆ ಅಪಾಯ ಹೆಚ್ಚು. ಟಾರ್ಚ್ ಹಿಡಿಯಲು ದೊಡ್ಡವರೊಬ್ಬರು ಪಕ್ಕದಲ್ಲಿದ್ದರೆ ಅರ್ಧ ಚಿಂತೆ ಅಲ್ಲಿಗೇ ಮುಗಿಯಿತು.

ಬೆಂಕಿಯ ವಿಷಯದಲ್ಲಿ "ದೊಡ್ಡವರ ಸಿನಿಮಾದಲ್ಲಿ ಮಾಡ್ತಾರಲ್ಲ" ಎಂದು ಅವನು ವಾದಿಸಬಹುದು. ಆಗ ಹೇಳಿ: 1982ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಚಿತ್ರದ ಶೂಟಿಂಗ್ ವೇಳೆ ಸ್ಫೋಟಕಗಳಿಂದಾಗಿ ಹೆಲಿಕಾಪ್ಟರ್ ಉರುಳಿ, ಒಬ್ಬ ನಟ ಮತ್ತು ಇಬ್ಬರು ಮಕ್ಕಳು ಸತ್ತರು. ಸುತ್ತ ವೃತ್ತಿಪರರೇ ಇದ್ದರು. ಇನ್ನೊಂದು ವಿಷಯ ಹಲವು ಹಿರಿಯರಿಗೂ ಗೊತ್ತಿರುವುದಿಲ್ಲ. ಹೊಗೆಯ ಹಾಗೆ ಕಾಣಲಿ ಎಂದು ಮಕ್ಕಳು ಹಿಟ್ಟನ್ನೋ ನುಣ್ಣನೆಯ ಪುಡಿಯನ್ನೋ ತೂರುತ್ತಾರೆ. ಗಾಳಿಯಲ್ಲಿ ಹರಡಿದ ಅಂಥ ಪುಡಿಗೆ ದೀಪದ ಕುಡಿ ತಾಗಿದರೆ ಭಗ್ ಎಂದು ಹತ್ತಿಕೊಳ್ಳುತ್ತದೆ. ಪುಡಿ ತೂರುವ ಆಟವಿದ್ದರೆ ಹತ್ತಿರದಲ್ಲಿ ದೀಪ, ಒಲೆ, ಮೇಣದಬತ್ತಿ ಯಾವುದೂ ಉರಿಯುತ್ತಿರಬಾರದು.

ಹಾಗಾದರೆ ಅವನ ಸ್ಫೋಟದ ಗತಿ? ಸ್ಫೋಟ ತೋರಿಸಲು ಸ್ಫೋಟ ಬೇಕಿಲ್ಲ. ಕತ್ತಲೆ ಕೋಣೆಯಲ್ಲಿ ತಂಗಿಯ ಮುಖಕ್ಕೆ ಕ್ಯಾಮೆರಾ ಇಡಲಿ. ಟಾರ್ಚಿನ ಮುಂದೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ ಹಿಡಿದು, ತಟ್ಟನೆ ಟಾರ್ಚ್ ಬೆಳಗಿಸಿ, ಬೆರಳಾಡಿಸುತ್ತ ಬೆಳಕನ್ನು ನಿಧಾನ ಮರೆಮಾಡಲಿ. ಅದೇ ಕ್ಷಣಕ್ಕೆ ಅವಳು ಮುಖ ಹಿಂದಕ್ಕೆಳೆದುಕೊಳ್ಳಬೇಕು, ಮೇಲಿನಿಂದ ನಾಲ್ಕು ಕಾಗದದ ಚೂರು ಬೀಳಬೇಕು, ಕ್ಯಾಮೆರಾ ಒಮ್ಮೆ ನಡುಗಬೇಕು. ಮೇಲೆ ಒಂದು 'ಧಡ್' ಸದ್ದು. ಕಾರು ಸಿಡಿದದ್ದನ್ನು ನೋಡುವವರ ತಲೆಯೇ ಕಟ್ಟಿಕೊಳ್ಳುತ್ತದೆ. ಇದು ಬಡವರ ಉಪಾಯ ಎಂದುಕೊಳ್ಳಬೇಡಿ. ದೊಡ್ಡ ಚಿತ್ರಗಳಲ್ಲೂ ಸ್ಫೋಟಕ್ಕಿಂತ ಅದರ ಬೆಳಕು ಬಿದ್ದ ಮುಖಗಳನ್ನು ತೋರಿಸಿ ಕೆಲಸ ಮುಗಿಸುವುದುಂಟು.

ಇನ್ನು "ಟೈಮ್ ವೇಸ್ಟು" ಎಂಬ ಮಾತಿಗೆ. ನಿಮ್ಮ ಮಗ ಮಾಡುತ್ತಿರುವ ಮಾಯವಾಗುವ ಟ್ರಿಕ್ ಸಿನಿಮಾದಷ್ಟೇ ಹಳೆಯದು. ಆ ಕಾಲದಲ್ಲೇ ಟ್ರಿಕ್ ಚಿತ್ರಗಳಿಗೆ ಹೆಸರಾದ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಮೂಲತಃ ಜಾದೂಗಾರ. ಪ್ಯಾರಿಸ್ಸಿನ ಬೀದಿಯಲ್ಲಿ ಚಿತ್ರ ತೆಗೆಯುವಾಗ ಕ್ಯಾಮೆರಾ ಸಿಕ್ಕಿಹಾಕಿಕೊಂಡು, ಸರಿಮಾಡಿ ಮತ್ತೆ ತಿರುಗಿಸಿದ್ದರಿಂದ, ಪರದೆಯ ಮೇಲೆ ಬಸ್ಸೊಂದು ಶವದ ಗಾಡಿಯಾಗಿ ಬದಲಾಯಿತು, ಅಲ್ಲಿಂದಲೇ ತನಗೆ ಈ ಉಪಾಯ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದರು. ಕಥೆ ಎಷ್ಟು ನಿಜವೋ. 1895ರಲ್ಲೇ ಎಡಿಸನ್ ಕಂಪನಿಯ ಪುಟ್ಟ ಚಿತ್ರವೊಂದರಲ್ಲಿ ರಾಣಿಯ ತಲೆ ಕಡಿಯುವ ದೃಶ್ಯಕ್ಕೆ ಕ್ಯಾಮೆರಾ ನಿಲ್ಲಿಸಿ, ನಟನ ಜಾಗಕ್ಕೆ ಬೊಂಬೆ ಇಟ್ಟು ಇದೇ ಕೆಲಸ ಮಾಡಿದ್ದರು. ನಮ್ಮ ದಾದಾಸಾಹೇಬ್ ಫಾಲ್ಕೆಯವರೂ ಜಾದೂ ಪ್ರದರ್ಶನ ಕೊಡುತ್ತಿದ್ದವರೇ. 1912ರಲ್ಲಿ ಅವರು ಬಟಾಣಿ ಗಿಡವೊಂದು ಮೊಳೆತು ಬೆಳೆಯುವುದನ್ನು ಒಂದೊಂದೇ ಫ್ರೇಮಿನಂತೆ (ಅಂದರೆ ಒಂದೊಂದೇ ಬಿಡಿಚಿತ್ರವಾಗಿ) ಸೆರೆಹಿಡಿದು, ಹಣ ಹಾಕುವವರನ್ನು ಒಪ್ಪಿಸಲು ಅದನ್ನು ತೋರಿಸಿದರು. ಫಿಲ್ಮ್ ತೊಳೆಯುವ, ಅದರ ಅಂಚಿಗೆ ತೂತು ಹಾಕುವ ಕೆಲಸಕ್ಕೆಲ್ಲ ಪತ್ನಿ ಸರಸ್ವತಿಬಾಯಿ ಜೊತೆಗಿದ್ದರು.

ಇನ್ನೊಬ್ಬರ ಕಥೆ ನೇರವಾಗಿ ನಿಮಗೇ ಸಂಬಂಧಿಸಿದ್ದು. ರೇ ಹ್ಯಾರಿಹೌಸೆನ್ ಎಂಬ ಹುಡುಗ 1933ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ, ದೈತ್ಯ ಗೊರಿಲ್ಲಾದ ಚಿತ್ರ ನೋಡಿ ಮರುಳಾದ. ಮನೆಯ ಗ್ಯಾರೇಜಿನಲ್ಲೇ ಬೊಂಬೆ ಪ್ರಾಣಿಗಳನ್ನು ಒಂದೊಂದು ಫ್ರೇಮಿಗೂ ಚೂರು ಚೂರು ಸರಿಸಿ ಚಿತ್ರ ತೆಗೆಯತೊಡಗಿದ. ಮುಂದೆ ಸ್ಟಾಪ್ ಮೋಷನ್ ಎಂದರೆ ಅವನ ಹೆಸರೇ ಎನ್ನುವಂತಾಯಿತು. ಅಪ್ಪ ಬೊಂಬೆಗಳ ಒಳಗಿನ ಲೋಹದ ಕೀಲುಗಳನ್ನು ಮಾಡಿಕೊಡುತ್ತಿದ್ದರು, ಅಮ್ಮ ಬಟ್ಟೆ ಹೊಲಿದುಕೊಡುತ್ತಿದ್ದರು. ತಮಗೆ ಬರುವ ಕೆಲಸವನ್ನು ಮಗನ ಹುಚ್ಚಿಗೆ ಒದಗಿಸಿದರು, ಅಷ್ಟೇ.

ಹಾಗಾಗಿ ನಿಮಗೆ ತಲೆಬುಡ ಗೊತ್ತಿಲ್ಲದಿರುವುದು ತೊಂದರೆಯೇ ಅಲ್ಲ, ಒಂದು ರೀತಿಯಲ್ಲಿ ಅನುಕೂಲ. ಗೊತ್ತಿದ್ದ ಅಪ್ಪ ಅಮ್ಮ ಮಗುವಿನ ಕೈಯಿಂದ ಫೋನ್ ಕಿತ್ತು ತಾವೇ ಮಾಡಿ ತೋರಿಸುತ್ತಾರೆ. ನೀವು ನೋಡುವವರಾಗಿರಿ. ವಿಡಿಯೊ ತಂದು ತೋರಿಸಿದಾಗ ಮೊದಲ ಸಲ ಸುಮ್ಮನೆ ನೋಡಿ. ಎರಡನೇ ಸಲ ನಿಮ್ಮ ಕಣ್ಣು ಎಲ್ಲಿ ತಡೆಯಿತು ಎಂಬುದನ್ನಷ್ಟೇ ಹೇಳಿ. "ಸೂಪರ್ ಕಣೋ" ಎಂದರೆ ಅವನಿಗೆ ಖುಷಿಯಾಗುತ್ತದೆ, ಆದರೆ ಕಲಿಯಲು ಏನೂ ಸಿಗುವುದಿಲ್ಲ. "ಅವಳು ಮಾಯವಾದಾಗ ಹಿಂದಿನ ಗೋಡೆ ಒಮ್ಮೆ ಬೆಳ್ಳಗಾಯಿತಲ್ಲ" ಎಂದರೆ ಅವನು ಅಲ್ಲಿಂದಲೇ ಓಡಿಹೋಗಿ ಮತ್ತೆ ಶೂಟ್ ಮಾಡುತ್ತಾನೆ.

ಆ ಗೋಡೆ ಬೆಳ್ಳಗಾಗುವುದು ಯಾಕೆ ಎಂಬುದನ್ನು ನಿಧಾನವಾಗಿ ನೋಡೋಣ. ಈ ಹವ್ಯಾಸದ ಒಳಗುಟ್ಟೆಲ್ಲ ಈ ಒಂದು ಶಾಟಿನಲ್ಲಿದೆ. ತಂಗಿ ಸೋಫಾದ ಮೇಲೆ ಕೂತಿದ್ದಾಳೆ. ಅಣ್ಣ ಪಕ್ಕದಲ್ಲಿ ನಿಂತು ಚಿಟಿಕೆ ಹೊಡೆಯುತ್ತಾನೆ, ಅವಳಿಲ್ಲ. ಹೆಚ್ಚಿನ ಮಕ್ಕಳು ಚಿಟಿಕೆ ಹೊಡೆದು, ಓಡಿಬಂದು ರೆಕಾರ್ಡಿಂಗ್ ನಿಲ್ಲಿಸಿ, ತಂಗಿಯನ್ನು ಎಬ್ಬಿಸಿ, ಮತ್ತೆ ಶುರು ಮಾಡುತ್ತಾರೆ. ಗುಂಡಿ ಒತ್ತುವಾಗ ಫೋನ್ ಕೂದಲೆಳೆಯಷ್ಟು ಅಲುಗಿದರೂ ಇಡೀ ಕೋಣೆ ಹಾರಿದಂತೆ ಕಾಣುತ್ತದೆ. ಉಪಾಯ ಇಷ್ಟೇ, ನಿಲ್ಲಿಸಲೇಬಾರದು. ರೆಕಾರ್ಡಿಂಗ್ ಓಡುತ್ತಿರಲಿ, ಅಣ್ಣ ಕೈ ಎತ್ತಿದ ಭಂಗಿಯಲ್ಲೇ ಕಲ್ಲಿನಂತೆ ನಿಂತಿರಲಿ, ತಂಗಿ ಎದ್ದು ಹೋಗಲಿ, ಅವನು ಮುಂದುವರಿಯಲಿ. ಅವಳು ಎದ್ದುಹೋದ ತುಂಡನ್ನು ಆಮೇಲೆ ಎಡಿಟ್‌ನಲ್ಲಿ ಕತ್ತರಿಸಿದರಾಯಿತು. ಫೋನನ್ನು ಟ್ರೈಪಾಡಿನಲ್ಲೋ ಎರಡು ದಪ್ಪ ಪುಸ್ತಕಗಳ ನಡುವೆಯೋ ಅಲುಗದಂತೆ ಸಿಗಿಸಿಟ್ಟರೆ ಸಾಕು.

ಗೋಡೆ ಬೆಳ್ಳಗಾದದ್ದು ಫೋನಿನ ಅತಿಬುದ್ಧಿಯಿಂದ. ಚೌಕಟ್ಟಿನಲ್ಲಿದ್ದ ಬಿಳಿ ಇಲ್ಲವೇ ತಿಳಿ ಬಣ್ಣದ ಅಂಗಿ ಮರೆಯಾದ ಕೂಡಲೇ ಕತ್ತಲಾಯಿತೆಂದುಕೊಂಡು ಫೋನ್ ತಾನಾಗಿಯೇ ಬೆಳಕಿನ ಲೆಕ್ಕ ಬದಲಿಸುತ್ತದೆ. ಬಹುತೇಕ ಫೋನುಗಳಲ್ಲಿ ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಇದೊಂದು ಕಲಿತರೆ ಮನೆಯ ಟ್ರಿಕ್ಕುಗಳ ಮುಕ್ಕಾಲು ದೋಷ ಹೋಗುತ್ತದೆ. ತಾನೇ ಇಬ್ಬರಾಗುವ ಶಾಟಿಗೂ ಇದೇ ಬೇಕು. ಎಡಗಡೆಯದೊಂದು, ಬಲಗಡೆಯದೊಂದು ಟೇಕ್ ತೆಗೆದು ನಡುವೆ ಅಂಟಿಸುವಾಗ ಎರಡರ ಬೆಳಕೂ ಒಂದೇ ಇರಬೇಕು. ಮೋಡ ಸರಿಯುವ ದಿನ ಕಿಟಕಿ ಬೆಳಕನ್ನು ನಂಬಬಾರದು. ಫ್ಯಾನ್ ಆರಿಸಬೇಕು, ಪರದೆ ಅಲುಗಾಡಬಾರದು. ಗೋಡೆ ಗಡಿಯಾರ ಚೌಕಟ್ಟಿನಲ್ಲಿದ್ದರೆ ಅದರ ಮುಳ್ಳೇ ಚಾಡಿ ಹೇಳುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಶಾಟ್ ಸಪ್ಪೆ ಅನ್ನಿಸಬಹುದು. ಆಗ ಅವನನ್ನು ಕೇಳಿ: ಅವಳು ಕೂತಿದ್ದ ಕಡೆ ಸೋಫಾ ತಗ್ಗಾಗಿತ್ತಲ್ಲ, ಅದು ಏನಾಯಿತು? ಹುಡುಗರಿಗೆ ಈ ಪ್ರಶ್ನೆ ಹುಚ್ಚು ಹಿಡಿಸುತ್ತದೆ. ತಂಗಿ ಎದ್ದ ಮೇಲೆ ಆ ಜಾಗಕ್ಕೆ ಭಾರವಾದ ಪುಸ್ತಕವಿಟ್ಟು, ಮೇಲೆ ಸೋಫಾದ್ದೇ ಬಣ್ಣದ ಬಟ್ಟೆ ಹೊದಿಸಿದರೆ ತಗ್ಗು ಉಳಿಯುತ್ತದೆ. ಅಂದರೆ ಅವಳು ಹೋಗಿಲ್ಲ, ಅಲ್ಲೇ ಅದೃಶ್ಯವಾಗಿ ಕೂತಿದ್ದಾಳೆ! ಪಕ್ಕದ ದಿಂಬಿಗೆ ಸಣ್ಣ ಕಪ್ಪು ದಾರ ಕಟ್ಟಿ ಎಳೆದರೆ ಅವಳೇ ಎತ್ತಿ ಎಸೆದಂತೆ. 1930ರ ದಶಕದಲ್ಲಿ ಬಾಬೂಭಾಯ್ ಮಿಸ್ತ್ರಿ ಎಂಬ ಟ್ರಿಕ್ ಛಾಯಾಗ್ರಾಹಕರು ಅದೃಶ್ಯ ಮನುಷ್ಯನ ಆಟಗಳನ್ನು ಇದೇ ಕಪ್ಪು ದಾರದಲ್ಲಿ ಮಾಡಿ 'ಕಾಲಾ ಧಾಗಾ' ಎಂಬ ಅಡ್ಡಹೆಸರು ಗಳಿಸಿದ್ದರು. ಅಣ್ಣನ ಕಣ್ಣು ಖಾಲಿ ಜಾಗವನ್ನು ಹೇಗೆ ನೋಡುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅವನೇ ನಂಬದಂತೆ ನಿಂತರೆ ನೋಡುವವರು ನಂಬುವುದಿಲ್ಲ.

ಇಲ್ಲಿಗೆ ನಿಮ್ಮ ಕೊಡಿಸುವ ಪ್ರಶ್ನೆಗೆ ನನ್ನ ಉತ್ತರ ಹೆಚ್ಚುಕಡಿಮೆ ಗೊತ್ತಾಗಿರಬೇಕು. ಸದ್ಯಕ್ಕೆ ಫೋನ್ ಅಲುಗದಂತೆ ನಿಲ್ಲಿಸುವ ಒಂದು ಸ್ಟ್ಯಾಂಡ್, ಅಷ್ಟೇ. ಸಾಮಾನು ಬಂದಷ್ಟೂ ಮಕ್ಕಳ ಗಮನ ಸಾಮಾನಿನ ಕಡೆ ಹೋಗುತ್ತದೆ. ಈ ವಯಸ್ಸಿನಲ್ಲಿ ಬೆಳೆಯಬೇಕಾದದ್ದು ಕಣ್ಣು.

ಹಿಂದಿನ ಹಸಿರನ್ನು ಅಳಿಸಿ ಆ ಜಾಗಕ್ಕೆ ಬೇರೆ ಚಿತ್ರ ತುಂಬುವ ಗ್ರೀನ್ ಸ್ಕ್ರೀನ್ ಬೇಡವೇ ಬೇಡ ಎನ್ನುತ್ತಿಲ್ಲ, ಚಿಕ್ಕದರಿಂದ ಶುರುವಾಗಲಿ. ಆಟಿಕೆಗಳಿಗೆ ಒಂದು ಹಸಿರು ಡ್ರಾಯಿಂಗ್ ಶೀಟ್ ಸಾಕು. ಹಸಿರೇ ಯಾಕೆ ಎಂದು ಅವನು ಕೇಳದಿದ್ದರೆ ನೀವೇ ಕೇಳಿ. ಡಿಜಿಟಲ್ ಕ್ಯಾಮೆರಾದ ಸೆನ್ಸರಿನಲ್ಲಿ ಸಾಮಾನ್ಯವಾಗಿ ಪ್ರತಿ ನಾಲ್ಕು ಚುಕ್ಕೆಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ ಮೀಸಲು. ಆದ್ದರಿಂದ ಹಸಿರಿನ ವಿವರ ಹೆಚ್ಚು ನಿಖರವಾಗಿ ಸಿಗುತ್ತದೆ, ಮನುಷ್ಯರ ಚರ್ಮಕ್ಕೂ ಅದು ದೂರದ ಬಣ್ಣ. ಫಿಲ್ಮ್ ಕಾಲದಲ್ಲಿ ನೀಲಿಯದೇ ರಾಜ್ಯವಾಗಿತ್ತು; ನೀಲಿ ಪರದೆಯ ಕೆಲಸವಿದ್ದ 1940ರ ಚಿತ್ರಕ್ಕೆ ಟ್ರಿಕ್ ತಜ್ಞ ಲ್ಯಾರಿ ಬಟ್ಲರ್ ಆಸ್ಕರ್ ಪಡೆದರು. ಮನೆಯ ಗ್ರೀನ್ ಸ್ಕ್ರೀನ್ ಕೈಕೊಡುವುದು ಬಟ್ಟೆಯ ಗುಣಮಟ್ಟದಿಂದಲ್ಲ, ಸುಕ್ಕು ಮತ್ತು ನೆರಳಿನಿಂದ. ಬಟ್ಟೆಯನ್ನು ಬಿಗಿಯಾಗಿ ಕಟ್ಟಿ ಅದಕ್ಕೆ ಬೇರೆ ಬೆಳಕು, ಮನುಷ್ಯನಿಗೆ ಬೇರೆ ಬೆಳಕು ಕೊಡಬೇಕು. ನಡುವೆ ಒಂದೂವರೆ ಎರಡು ಮೀಟರ್ ಅಂತರವಿರಬೇಕು, ಇಲ್ಲದಿದ್ದರೆ ಹಸಿರು ಬೆಳಕು ಕೆನ್ನೆ, ಕೂದಲ ಅಂಚಿಗೆ ಬಡಿಯುತ್ತದೆ. ಹಿಂದೆ ಹಾಕುವ ಚಿತ್ರದಲ್ಲಿ ಬಿಸಿಲು ಎಡದಿಂದಿದ್ದರೆ ಹುಡುಗನ ಮುಖಕ್ಕೂ ಬೆಳಕು ಎಡದಿಂದಲೇ ಬರಬೇಕು. ಈ ಕೊನೆಯದನ್ನು ಯಾವ ಆ್ಯಪ್ ಕೂಡ ಸುಲಭವಾಗಿ ತಿದ್ದಿಕೊಡುವುದಿಲ್ಲ.

ಅವನ ಆಟಿಕೆ ಕಾರಿಗೆ ಇದಕ್ಕಿಂತ ಒಳ್ಳೆಯ ದಾರಿ ಸ್ಲೋ ಮೋಷನ್. ಅಂಗೈಯಲ್ಲಿ ಹಿಡಿಯುವ ಕಾರು ಮೇಜಿನಿಂದ ಬಿದ್ದಾಗ ಆಟಿಕೆಯಂತೆಯೇ ಕಾಣುವುದಕ್ಕೆ ಕಾರಣ ಭೌತಶಾಸ್ತ್ರ. ಕಡಿಮೆ ಎತ್ತರದಿಂದ ಬೀಳುವ ವಸ್ತು ಬೇಗ ಬಿದ್ದುಮುಗಿಯುತ್ತದೆ, ಮತ್ತು ಬೀಳುವ ಸಮಯ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಆದ್ದರಿಂದ ಕಿರುಮಾದರಿಗಳನ್ನು ಚಿತ್ರೀಕರಿಸುವವರು ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ವೇಗದಲ್ಲಿ ಕ್ಯಾಮೆರಾ ಓಡಿಸಿ, ಮಾಮೂಲಿ ವೇಗದಲ್ಲಿ ತೋರಿಸುತ್ತಾರೆ. ಚಿಕ್ಕ ಲೋಹದ ಕಾರುಗಳು ಸಾಮಾನ್ಯವಾಗಿ ನಿಜವಾದ ಕಾರಿನ 64ನೇ ಒಂದು ಭಾಗ. 64ರ ವರ್ಗಮೂಲ 8. ಸಿನಿಮಾ ಸೆಕೆಂಡಿಗೆ 24 ಫ್ರೇಮ್. 24ನ್ನು 8ರಿಂದ ಗುಣಿಸಿದರೆ 192. ಇಂದಿನ ಹಲವು ಫೋನುಗಳ ಸ್ಲೋ ಮೋಷನ್ 240 ಫ್ರೇಮ್ ಇರುತ್ತದೆ, ಧಾರಾಳ ಸಾಕು. ನಿಮ್ಮ ಹಳೆಯ ಫೋನಿನಲ್ಲಿ 120 ಮಾತ್ರ ಇದ್ದರೂ ಆಟಿಕೆತನ ಎಷ್ಟೋ ಕಡಿಮೆಯಾಗುತ್ತದೆ. ವರ್ಗಮೂಲ ಇನ್ನೂ ಪಾಠಕ್ಕೆ ಬಂದಿರಲಿಕ್ಕಿಲ್ಲ. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 64 ಬರುತ್ತದೆ ಎಂದರೆ ಹನ್ನೊಂದರ ಹುಡುಗನಿಗೆ ಅರ್ಥವಾಗುತ್ತದೆ. ಅವರಪ್ಪನಿಗೆ ಲೆಕ್ಕ ಇಷ್ಟವಾದರೆ ಈ ಭಾಗ ಅವರಿಗೇ ವಹಿಸಿ, ಟೈಮ್ ವೇಸ್ಟಿನ ಮಾತು ತಾನಾಗಿಯೇ ಕಡಿಮೆಯಾಗಬಹುದು.

ಇದನ್ನು ಬಿಸಿಲಲ್ಲೇ ಮಾಡಿಸಿ. 240 ಫ್ರೇಮಿನಲ್ಲಿ ಪ್ರತಿ ಚಿತ್ರಕ್ಕೂ ಸಿಗುವುದು ಹೆಚ್ಚೆಂದರೆ ಸೆಕೆಂಡಿನ 240ನೇ ಒಂದು ಭಾಗದಷ್ಟು ಬೆಳಕು, ಮನೆಯೊಳಗೆ ಕತ್ತಲೆಯಾಗುತ್ತದೆ. ಜೊತೆಗೆ ಮನೆಯ ದೀಪಗಳಲ್ಲಿ ಹಲವು ವಿದ್ಯುತ್ತಿನ ಲಯಕ್ಕೆ ಮಿನುಗುತ್ತಿರುತ್ತವೆ, ಬರಿಗಣ್ಣಿಗೆ ಕಾಣದ ಆ ಮಿನುಗು ಸ್ಲೋ ಮೋಷನ್ನಿನಲ್ಲಿ ಎದ್ದು ಕಾಣುತ್ತದೆ. ಕ್ಯಾಮೆರಾ ಕಾರಿನ ಚಕ್ರದ ಮಟ್ಟಕ್ಕೆ ಇಳಿಯಬೇಕು. ನಿಂತು ಮೇಲಿನಿಂದ ತೆಗೆದರೆ ಎಂಥ ಕಾರೂ ಆಟಿಕೆಯೇ. ನೀರು, ಬೆಂಕಿ ಎರಡನ್ನೂ ಕಿರುಮಾದರಿಯಲ್ಲಿ ತೋರಿಸಲು ಹೋಗಬೇಡ ಎನ್ನಿ. ಹನಿಯ ಗಾತ್ರ, ಜ್ವಾಲೆಯ ಗಾತ್ರ ನಾವು ಹೇಳಿದಂತೆ ಕೇಳುವುದಿಲ್ಲ, ಗುಟ್ಟು ರಟ್ಟಾಗುತ್ತದೆ. ಬೆಂಕಿಕಡ್ಡಿಗೆ ಇದು ಎರಡನೇ ಕಾರಣ, ಮತ್ತು ನನ್ನ ಅನುಭವದಲ್ಲಿ ಮಕ್ಕಳು ಅಪಾಯಕ್ಕಿಂತ ಈ ಕಾರಣಕ್ಕೇ ಬೇಗ ಒಪ್ಪುತ್ತಾರೆ.

ಕಂಪ್ಯೂಟರ್ ಬಗ್ಗೆ: ಮನೆಯಲ್ಲಿ ಹಳೆಯದೊಂದಿದ್ದರೆ ಸಾಕು. ಇಲ್ಲದಿದ್ದರೆ ಸದ್ಯ ಫೋನಿನ ಎಡಿಟಿಂಗ್ ಆ್ಯಪ್ ನಡೆಯುತ್ತದೆ. ಯಾವ ಜಾಹೀರಾತು ಬರುತ್ತದೆ, ಏನೇನು ಅನುಮತಿ ಕೇಳುತ್ತದೆ ಎಂದು ಹಾಕುವ ಮೊದಲು ನೀವೇ ನೋಡಿ. ಮುಂದೆ ಬೇಕಾದರೆ ಮೂರು ಆಯಾಮದ ಚಿತ್ರ, ಎಫೆಕ್ಟ್ ಮಾಡುವ ಬ್ಲೆಂಡರ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ; ಕ್ಯಾಮೆರಾದ ಚಲನೆಯನ್ನು ಲೆಕ್ಕ ಹಿಡಿಯುವ ಕ್ಯಾಮೆರಾ ಟ್ರ್ಯಾಕಿಂಗ್‌ನಿಂದ ಹಿಡಿದು ಎಲ್ಲ ಅದರಲ್ಲಿದೆ. ವಿಡಿಯೊ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಎಫೆಕ್ಟ್‌ಗಳಿಗೆಂದೇ ಫ್ಯೂಷನ್ ಎಂಬ ಭಾಗವಿದೆ, ಆದರೆ ಅದಕ್ಕೆ ತಕ್ಕ ಬಲದ ಕಂಪ್ಯೂಟರ್ ಬೇಕು. ಹೊಸದು ಕೊಡಿಸಲು ಒಂದು ಷರತ್ತು ಹಾಕಿ: ಈಗಿರುವುದರಲ್ಲಿ ಯಾವ ಶಾಟ್ ಆಗುತ್ತಿಲ್ಲ, ಯಾಕೆ ಆಗುತ್ತಿಲ್ಲ ಎಂದು ಅವನು ಹಾಳೆಯ ಮೇಲೆ ಬರೆದು ತೋರಿಸಬೇಕು. ಸರಿಯಾಗಿ ಬರೆದು ತಂದನೆಂದರೆ ಕೊಡಿಸುವ ಕಾಲ ಬಂತು ಎಂದೇ ಅರ್ಥ.

ಎಐ ಬಗ್ಗೆ ನಿಮ್ಮ ಯಜಮಾನರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮನುಷ್ಯನ ಆಕೃತಿಯನ್ನು ಫ್ರೇಮಿನಿಂದ ಫ್ರೇಮಿಗೆ ಗೆರೆ ಎಳೆದು ಬಿಡಿಸುವ ರೋಟೊ ಕೆಲಸ, ದಾರ ಅಳಿಸುವ ಕೆಲಸ, ಇಂಥವುಗಳಲ್ಲಿ ಬಹಳಷ್ಟನ್ನು ಯಂತ್ರ ಈಗಲೇ ವಹಿಸಿಕೊಳ್ಳುತ್ತಿದೆ. ಆದರೆ ಯಂತ್ರ ಕೊಟ್ಟ ಚಿತ್ರದಲ್ಲಿ ನೆರಳು ಯಾವ ಕಡೆ ಬಿದ್ದಿದೆ, ಸೋಫಾ ತಗ್ಗಾಗಿದೆಯೇ ಎಂದು ನೋಡಿ "ಇದು ಸರಿಯಿಲ್ಲ" ಎನ್ನುವವರು ಬೇಕೇ ಬೇಕು, ಕೈಯಾರೆ ಮಾಡಿದವನಿಗೆ ಅದು ತಟ್ಟನೆ ಕಾಣುತ್ತದೆ. ಹನ್ನೊಂದನೇ ವಯಸ್ಸಿನಲ್ಲಿ ಎಐಗೆ ಹೇಳಿ ಮಾಡಿಸಿದ ಸ್ಫೋಟದಿಂದ ಅವನಿಗೆ ಸಿಗುವುದು ಒಂದು ಸ್ಫೋಟ ಮಾತ್ರ.

ದಿನವೂ ಎಷ್ಟು ಹೊತ್ತು ಪರದೆ ಎಂಬ ಚಿಂತೆಯೂ ನಿಮಗಿದ್ದೇ ಇರುತ್ತದೆ. ಇತರರ ವಿಡಿಯೊ ನೋಡುತ್ತ ಕೂರುವ ಹೊತ್ತು ಬೇರೆ, ಶೂಟ್ ಮಾಡುವ ಹೊತ್ತು ಬೇರೆ; ಎರಡನ್ನೂ ಒಂದೇ ಖಾತೆಗೆ ಬರೆಯಬೇಡಿ. ಮೊದಲನೆಯದಕ್ಕೆ ಮಿತಿ ಹಾಕಿ. ಎರಡನೆಯದಕ್ಕೆ ಬೇಕಾದದ್ದು ಮುಗಿಸುವ ಅಭ್ಯಾಸ. ಈ ಮಕ್ಕಳ ಫೋನಿನಲ್ಲಿ ಅರ್ಧಕ್ಕೇ ಬಿಟ್ಟ ಕ್ಲಿಪ್ಪುಗಳ ಗುಡ್ಡವೇ ಇರುತ್ತದೆ. ಹತ್ತು ಸೆಕೆಂಡಿನ ಸಿನಿಮಾ, ಒಂದೇ ಟ್ರಿಕ್. ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು, ಈ ಮೂರನ್ನು ಹಾಳೆಯ ಮೇಲೆ ಮೂರು ಚೌಕದಲ್ಲಿ ಗೀಚಿದ ನಂತರವೇ ಶೂಟಿಂಗ್. ತಾಳ್ಮೆಯ ಆಟ ಬೇಕಿದ್ದರೆ ಫಾಲ್ಕೆಯವರ ಬಟಾಣಿಯನ್ನೇ ಹಿಡಿಯಲಿ. ಹತ್ತು ನಿಮಿಷಕ್ಕೊಂದು ಫೋಟೊ ತೆಗೆಯುವಂತೆ ಟೈಮ್‌ಲ್ಯಾಪ್ಸ್ ಆ್ಯಪ್ ಹಚ್ಚಿ, ಸದಾ ಒಂದೇ ದೀಪದ ಬೆಳಕಿಟ್ಟರೆ ಒಂದು ಹಗಲು ರಾತ್ರಿಗೆ 144 ಚಿತ್ರ, ಅಂದರೆ 24 ಫ್ರೇಮಿನ ಲೆಕ್ಕದಲ್ಲಿ ಆರು ಸೆಕೆಂಡಿನ ಸಿನಿಮಾ. ಫೋನ್ ಅಷ್ಟು ದಿನ ಅಲುಗದೆ ಅಲ್ಲೇ ಇರಬೇಕು. ನಿಮಗೆ ಇನ್ನೊಂದು ಲಾಭವೂ ಆಯಿತಲ್ಲ! ಮನೆಯ ಸಮಾರಂಭದ ವಿಡಿಯೊ ಎಡಿಟ್ ಮಾಡಿಕೊಡು ಎಂದು ಮಾತ್ರ ಹಚ್ಚಬೇಡಿ, ಹವ್ಯಾಸ ಕೊಲ್ಲಲು ಅದಕ್ಕಿಂತ ಸುಲಭದ ದಾರಿಯಿಲ್ಲ.

ತಂಗಿಯ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅವಳು ಬೇಡ ಎಂದರೆ ಶೂಟಿಂಗ್ ನಿಲ್ಲಬೇಕು, ಅಳಿಸು ಎಂದರೆ ಅಳಿಸಬೇಕು, ಆಗಾಗ ಕ್ಯಾಮೆರಾ ಅವಳ ಕೈಗೂ ಬರಬೇಕು. ಸಹಪಾಠಿಗಳ ಮುಖವನ್ನು ಇನ್ನಾವುದಕ್ಕೋ ಅಂಟಿಸುವ ಆ್ಯಪ್‌ಗಳು ತಮಾಷೆಗೂ ಬೇಡ. ಅಜ್ಜಿಗೆ ಸುಳ್ಳು ಅಪಘಾತದ ವಿಡಿಯೊ ಕಳಿಸಿ ಹೆದರಿಸುವ ಪ್ರ್ಯಾಂಕ್ ಕೂಡ ಬೇಡ. ಟ್ರಿಕ್ ಎಂದು ಮೊದಲೇ ತಿಳಿದವರಿಗೆ ಮಾತ್ರ ಟ್ರಿಕ್ ತೋರಿಸಬೇಕು. ಯೂಟ್ಯೂಬಿನಂಥ ಜಾಲತಾಣಗಳಲ್ಲಿ ಸ್ವಂತ ಖಾತೆ ತೆರೆಯಲು ಸಾಮಾನ್ಯವಾಗಿ ಹದಿಮೂರು ವರ್ಷವಾದರೂ ಆಗಿರಬೇಕು. ಅಲ್ಲಿಯವರೆಗೆ ಮನೆಯವರು, ನಾಲ್ಕು ಜನ ಗೆಳೆಯರು ಪ್ರೇಕ್ಷಕರಾದರೆ ಸಾಕು. ಟಿವಿಗೆ ಜೋಡಿಸಿ, ದೀಪ ಆರಿಸಿ, ಎಲ್ಲರೂ ಕೂತು ನೋಡಿ. ಫೋನಿನ ಚಿಕ್ಕ ಪರದೆಯಲ್ಲಿ ಅಡಗಿದ್ದ ದೋಷಗಳೆಲ್ಲ ಅಲ್ಲಿ ಅವನಿಗೇ ಕಾಣುತ್ತವೆ.

ಕೋರ್ಸಿಗೆ ಸೇರಿಸುವ ಯೋಚನೆ ಈಗಲೇ ಬೇಡ. ಮಕ್ಕಳ ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ಮಾಡುವ ಸಿನಿಮಾ ಟ್ರಿಕ್ಕು) ತರಗತಿ ಎಂದು ಹೇಳಿಕೊಳ್ಳುವ ಕಡೆ ಹೆಚ್ಚಾಗಿ ಕಲಿಸುವುದು ಯಾವುದೋ ಒಂದು ತಂತ್ರಾಂಶದ ಗುಂಡಿಗಳನ್ನು, ಅವನು ದೊಡ್ಡವನಾಗುವ ಹೊತ್ತಿಗೆ ಆ ಗುಂಡಿಗಳೇ ಬದಲಾಗಿರುತ್ತವೆ. ಚಿತ್ರ ಬಿಡಿಸುವುದು, ಫೋಟೊ ತೆಗೆಯುವುದು, ಜೇಡಿಮಣ್ಣಿನಲ್ಲಿ ಬೊಂಬೆ ಮಾಡುವುದು ನಡೆದಿರಲಿ. ಹೈಸ್ಕೂಲು ಮುಗಿಯುವ ಹೊತ್ತಿಗೂ ಆಸಕ್ತಿ ಹೀಗೇ ಇದ್ದರೆ, ಅಷ್ಟರಲ್ಲಿ ಅವನು ಮುಗಿಸಿದ ಚಿತ್ರಗಳಲ್ಲಿ ಒಳ್ಳೆಯ ನಾಲ್ಕನ್ನು ಆರಿಸಿ ಕಳಿಸಿ. ಯಾವ ಕೋರ್ಸು, ಎಲ್ಲಿ ಎಂಬ ಮಾತನ್ನು ಅವುಗಳನ್ನು ನೋಡಿ ಆಡೋಣ.